ಗುಲಾಬಿ ಹಾಳೆಯ ಹತ್ತು ದಿನ: ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಕಾರು ಓಡಿಸಿದರೆ ಏನೇನಾಗುತ್ತದೆ

ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವರ ಕೈಗೆ ಪೊಲೀಸರು ಗುಲಾಬಿ ಬಣ್ಣದ ಒಂದು ಹಾಳೆ ಕೊಡುತ್ತಾರೆ. ರಾಜ್ಯದ ಪ್ಲಾಸ್ಟಿಕ್ ಲೈಸೆನ್ಸನ್ನು ಅಷ್ಟರಲ್ಲಿ ಕಿತ್ತುಕೊಂಡಿರುತ್ತಾರೆ. ಮುಂದಿನ 30 ದಿನ ಆ ಹಾಳೆಯೇ ಲೈಸೆನ್ಸು. ಬೆಳಿಗ್ಗೆ ಜೈಲಿನಿಂದ ಹೊರಬಂದವರು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ತುರುಕಿ, ಕೋರ್ಟಿನ ತಾರೀಕು ಯಾವತ್ತು ಎಂದಷ್ಟೇ ನೋಡಿಕೊಳ್ಳುತ್ತಾರೆ. ಕೋರ್ಟಿಗೆ ಇನ್ನೂ ವಾರಗಟ್ಟಲೆ ಸಮಯ ಇರುತ್ತದಲ್ಲ, ವಕೀಲರನ್ನು ನಿಧಾನವಾಗಿ ಹುಡುಕೋಣ ಎಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಬಂಧನದ ದಿನದಿಂದ 10 ದಿನದೊಳಗೆ ವಾಹನ ಇಲಾಖೆಗೆ, ಅಂದರೆ ಡಿಎಂವಿಗೆ, ವಿಚಾರಣೆ ಬೇಕೆಂದು ಕೇಳದಿದ್ದರೆ 30 ದಿನ ತುಂಬಿದ ಕೂಡಲೇ ಲೈಸೆನ್ಸ್ ತಂತಾನೇ ಅಮಾನತಾಗುತ್ತದೆ ಎಂದು ಅದೇ ಹಾಳೆಯಲ್ಲಿ ಬರೆದಿರುತ್ತದೆ. ಆ ಹತ್ತು ದಿನದಲ್ಲಿ ಶನಿವಾರ, ಭಾನುವಾರವೂ ಸೇರಿವೆ.

ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೊಸೆ ಕಡೆ ಇರುವ ಕನ್ನಡಿಗರಿಗಾಗಿ ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಅಲ್ಲಿ ಡಿಯುಐ ಎಂದು ಕರೆಯುವ ಈ ಅಪರಾಧ ಒಂದು ಕೇಸಲ್ಲ. ಒಂದೇ ರಾತ್ರಿಯ ತಪ್ಪಿಗೆ ಡಿಎಂವಿ ಒಂದು ಕಡತ ತೆರೆಯುತ್ತದೆ, ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಸುಪೀರಿಯರ್ ಕೋರ್ಟು ಇನ್ನೊಂದು ತೆರೆಯುತ್ತದೆ, ವೀಸಾದ ಮೇಲಿರುವವರಿಗೆ ಅಮೆರಿಕದ ವಿದೇಶಾಂಗ ಇಲಾಖೆ ಮೂರನೆಯದನ್ನು ತೆರೆಯುತ್ತದೆ. ಒಂದರಲ್ಲಿ ಪಾರಾದ ಮಾತ್ರಕ್ಕೆ ಇನ್ನೊಂದು ಮುಚ್ಚುವುದಿಲ್ಲ.

ಮೊದಲು ರಕ್ತದಲ್ಲಿನ ಮದ್ಯಸಾರದ ಮಿತಿಯಾದ ಆ ಪ್ರಸಿದ್ಧ 0.08ರ ಲೆಕ್ಕ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ. ಅಮೆರಿಕದ ಲೆಕ್ಕದಲ್ಲಿ ಅದು ಶೇ 0.03. ಕ್ಯಾಲಿಫೋರ್ನಿಯಾದ ಮಿತಿ 1990ರಿಂದ ಶೇ 0.08. ಇದನ್ನು ನೋಡಿ ಅಲ್ಲಿನ ಕಾನೂನು ಸಡಿಲ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಅಲ್ಲಿನ ವಾಹನ ಸಂಹಿತೆಯ 23152ನೇ ಕಲಮಿನಲ್ಲಿ ಎರಡು ಬೇರೆ ಬೇರೆ ಅಪರಾಧಗಳಿವೆ. ‘ಎ’ ಉಪಕಲಮು ಅಮಲಿನಲ್ಲಿ ಓಡಿಸಿದ್ದಕ್ಕೆ. ಅಲ್ಲಿ ಯಾವ ಸಂಖ್ಯೆಯೂ ಇಲ್ಲ. ‘ಬಿ’ ಉಪಕಲಮು ಶೇ 0.08 ಮುಟ್ಟಿದ್ದಕ್ಕೆ, ಅಲ್ಲಿ ನೀವು ಎಷ್ಟು ನೆಟ್ಟಗೆ ಓಡಿಸುತ್ತಿದ್ದಿರಿ ಎಂಬುದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಹಾಕುತ್ತಾರೆ. ಶೇ 0.06 ಬಂದರೂ ಲೇನಿನಿಂದ ಲೇನಿಗೆ ವಾಲುತ್ತಿದ್ದರೆ ‘ಎ’ ಅಡಿ ಕೇಸು ನಿಲ್ಲುತ್ತದೆ. 21 ವರ್ಷ ತುಂಬದವರಿಗೆ ಮಿತಿ ಶೇ 0.01. ಹಿಂದಿನ ಡಿಯುಐ ಪ್ರಕರಣದಲ್ಲಿ ಜೈಲಿನ ಬದಲು ಷರತ್ತಿನ ಮೇಲೆ ಹೊರಗಿರುವ, ಅಂದರೆ ಪ್ರೊಬೇಷನ್‌ನಲ್ಲಿರುವವರಿಗೂ ಅಷ್ಟೇ. ಲಾರಿ, ಬಸ್ಸಿನಂಥ ವಾಣಿಜ್ಯ ವಾಹನಗಳಿಗೆ ಶೇ 0.04; 2018ರ ಜುಲೈನಿಂದ ಬಾಡಿಗೆಗೆ ಪ್ರಯಾಣಿಕರನ್ನು ಕೂರಿಸಿಕೊಂಡ ಊಬರ್, ಲಿಫ್ಟ್ ಚಾಲಕರಿಗೂ ಅದೇ ಶೇ 0.04. ಪಕ್ಕದ ನೆವಾಡಾ ದಾಟಿ ಯೂಟಾಕ್ಕೆ ಹೋದರಂತೂ ಎಲ್ಲರಿಗೂ ಶೇ 0.05.

ಅಮೆರಿಕದವರು ‘ಒಂದು ಡ್ರಿಂಕ್’ ಎನ್ನುವುದು 14 ಗ್ರಾಂ ಮದ್ಯಸಾರಕ್ಕೆ: ಶೇ 5ರ ಬಿಯರ್ ಆದರೆ 355 ಮಿಲಿ, ಶೇ 12ರ ವೈನ್ ಆದರೆ ಸುಮಾರು 150 ಮಿಲಿ, ಶೇ 40ರ ವಿಸ್ಕಿ ಆದರೆ 44 ಮಿಲಿ. ನಾವು ಮನೆಯಲ್ಲಿ ಸುರಿಯುವುದು ಈ ಅಳತೆಯಲ್ಲಲ್ಲ. ಊರಿಂದ ತಂದ ಶೇ 42.8ರ ವಿಸ್ಕಿಯ ಒಂದು ಲಾರ್ಜ್ ಪೆಗ್, ಅಂದರೆ 60 ಮಿಲಿ, ಸುಮಾರು 20 ಗ್ರಾಂ. ಅದು ಒಂದೂವರೆ ಡ್ರಿಂಕಿನ ಹತ್ತಿರ. ಅಲ್ಲಿನ ಬ್ರೂವರಿಗಳಲ್ಲಿ ಸಿಗುವ ಶೇ 7ರ ಐಪಿಎ ಬಿಯರಿನ ಒಂದು ಪೈಂಟ್, 473 ಮಿಲಿ, ಎರಡು ಡ್ರಿಂಕಿಗೆ ಸ್ವಲ್ಪವೇ ಕಡಿಮೆ. 70 ಕಿಲೋ ತೂಕದ ಗಂಡಸಿಗೆ ಒಂದು ಡ್ರಿಂಕ್ ಸರಾಸರಿ ಶೇ 0.03ರಷ್ಟು ಏರಿಸುತ್ತದೆ, 60 ಕಿಲೋ ಹೆಂಗಸಿಗೆ ಶೇ 0.04ರಷ್ಟು. ಇಳಿಯುವುದು ಗಂಟೆಗೆ ಸುಮಾರು ಶೇ 0.015 ಮಾತ್ರ. ಮೂರು ಲಾರ್ಜ್ ಹಾಕಿ ಎರಡು ಗಂಟೆ ಬಿಟ್ಟು ಹೊರಟ ಆ 70 ಕಿಲೋ ಮನುಷ್ಯ ಶೇ 0.10ರ ಆಸುಪಾಸಿನಲ್ಲಿರುತ್ತಾನೆ. ತನ್ನ ಲೆಕ್ಕದಲ್ಲಿ ಅವನು ಕುಡಿದದ್ದು ಮೂರೇ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ಇಳಿಕೆಯ ವೇಗ ಹೆಚ್ಚಿಸುವುದಿಲ್ಲ. ನಾಲ್ಕು ಲಾರ್ಜ್ ದಾಟಿ ಮಧ್ಯರಾತ್ರಿ ಶೇ 0.18ರಲ್ಲಿ ಮಲಗಿದವನು ಬೆಳಿಗ್ಗೆ 6ಕ್ಕೆ ಎದ್ದು ಏರ್‌ಪೋರ್ಟಿಗೆ ಹೊರಟರೆ ಇನ್ನೂ ಶೇ 0.09. ನಿದ್ದೆ ಮಾಡಿ ಎದ್ದ ಮೇಲೂ ಬಂಧನ ಆಗುವುದು ಹೀಗೆ.

ಊದಿಸುವುದು ಎರಡು ಸಲ, ಎರಡು ಬೇರೆ ಯಂತ್ರಗಳಿಗೆ. ಇವೆರಡನ್ನು ಒಂದೇ ಎಂದುಕೊಳ್ಳುವುದೇ ದೊಡ್ಡ ಅನಾಹುತಕ್ಕೆ ದಾರಿ. ಬಂಧನಕ್ಕೂ ಮೊದಲು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಕ್ಕೆ ಊದಿಸುವುದು ಪ್ರಾಥಮಿಕ ಪರೀಕ್ಷೆ. 21 ದಾಟಿದ, ಡಿಯುಐ ಪ್ರೊಬೇಷನ್‌ನಲ್ಲಿ ಇಲ್ಲದ ಚಾಲಕ ಇದನ್ನು ಬೇಡ ಎನ್ನಬಹುದು. ಅಧಿಕಾರಿಯೇ ಹಾಗೆಂದು ತಿಳಿಸಬೇಕು. ನೆಟ್ಟನೆ ಗೆರೆಯ ಮೇಲೆ ಒಂಬತ್ತು ಹೆಜ್ಜೆ ನಡೆದು ತಿರುಗುವುದು, 30 ಸೆಕೆಂಡು ಒಂಟಿ ಕಾಲಲ್ಲಿ ನಿಲ್ಲುವುದು, ಪೆನ್ನಿನ ತುದಿಯನ್ನು ಕಣ್ಣಿಂದ ಹಿಂಬಾಲಿಸುವುದು, ಇವನ್ನೂ ಒಲ್ಲೆ ಎನ್ನಬಹುದು. ಆದರೆ ಬಂಧನ ಆದ ಮೇಲಿನ ಪರೀಕ್ಷೆ ಕಡ್ಡಾಯ. ಆ ರಾಜ್ಯದ ರಸ್ತೆಯಲ್ಲಿ ಗಾಡಿ ಓಡಿಸಿದಾಗಲೇ ಇದಕ್ಕೆ ಒಪ್ಪಿಗೆ ಕೊಟ್ಟಂತೆ ಎಂದು ಕಾನೂನು ಭಾವಿಸುತ್ತದೆ. ಉಸಿರೋ ರಕ್ತವೋ ಎಂಬ ಆಯ್ಕೆಯಷ್ಟೇ ಚಾಲಕನದು. ವಕೀಲರು ಬರಲಿ, ಆಮೇಲೆ ನೋಡೋಣ ಎಂದರೂ ನಿರಾಕರಣೆಯೇ. ಅದಕ್ಕೆ ಮೊದಲ ಸಲವೇ ಒಂದು ವರ್ಷ ಲೈಸೆನ್ಸ್ ಅಮಾನತು, ನಡುವೆ ಕೆಲಸಕ್ಕೆ ಹೋಗಲೂ ರಿಯಾಯಿತಿ ಇಲ್ಲ. ಪರೀಕ್ಷೆಯಲ್ಲಿ ಶೇ 0.15 ಬಂದವನಿಗೆ ಡಿಎಂವಿ ಕೊಡುವುದು ನಾಲ್ಕು ತಿಂಗಳು. ಊದದೆ ಕುಳಿತವನಿಗೆ ಹನ್ನೆರಡು. ಊರಲ್ಲಿ ಊದದೆ ಜಾರಿಕೊಂಡ ಕಥೆ ಕೇಳಿ ಅಲ್ಲಿ ಹಾಗೆ ಮಾಡಲು ಹೋದವರು ಮೂರು ಪಟ್ಟು ಕಳೆದುಕೊಳ್ಳುತ್ತಾರೆ.

ಪರೀಕ್ಷೆ ನಡೆಸುವ ವಿಧಾನಕ್ಕೂ ಕಟ್ಟುನಿಟ್ಟಿದೆ. ಊದಿಸುವ ಮುನ್ನ ಅಧಿಕಾರಿ 15 ನಿಮಿಷ ಸತತವಾಗಿ ಗಮನಿಸುತ್ತಿರಬೇಕು. ಆ ಅವಧಿಯಲ್ಲಿ ತೇಗಿದರೂ ವಾಂತಿಯಾದರೂ ಮತ್ತೆ ಮೊದಲಿಂದ, ಏಕೆಂದರೆ ಹೊಟ್ಟೆಯಿಂದ ಬಾಯಿಗೆ ಬಂದ ಮದ್ಯ ಯಂತ್ರದ ಅಂಕಿಯನ್ನು ಏರಿಸುತ್ತದೆ. ಎರಡು ಸಲ ಊದಿದ ಫಲಿತಾಂಶಗಳ ನಡುವೆ 0.02ಕ್ಕಿಂತ ಹೆಚ್ಚು ಅಂತರ ಇರಬಾರದು. ಯಂತ್ರದ ನಿಖರತೆಯನ್ನು 10 ದಿನಕ್ಕೊಮ್ಮೆ ಅಥವಾ 150 ಪರೀಕ್ಷೆಗೊಮ್ಮೆ, ಯಾವುದು ಮೊದಲೋ ಆಗ, ಪರಿಶೀಲಿಸಬೇಕು. ಓಡಿಸಿದ ಮೂರು ಗಂಟೆಯೊಳಗೆ ಮಾಡಿದ ಪರೀಕ್ಷೆಯಲ್ಲಿ 0.08 ಬಂದರೆ ಓಡಿಸುವಾಗಲೂ ಅಷ್ಟೇ ಇತ್ತು ಎಂದು ಹಿಡಿಯಲು ಕಾನೂನು ಬಿಡುತ್ತದೆ. ಅಲ್ಲ, ಕೊನೆಯ ಪೆಗ್ಗು ಇನ್ನೂ ರಕ್ತಕ್ಕೆ ಇಳಿಯುತ್ತಿತ್ತು, ಆಗ ಕಡಿಮೆ ಇತ್ತು ಎಂದು ಚಾಲಕ ವಾದಿಸಬಹುದು. ಉಸಿರಿನ ಮಾದರಿ ಉಳಿಯುವುದಿಲ್ಲ. ರಕ್ತದ ಮಾದರಿ ಉಳಿಯುತ್ತದೆ, ಆರೋಪಿಯ ಕಡೆಯವರು ಅದನ್ನು ಬೇರೆ ಲ್ಯಾಬಿನಲ್ಲಿ ಪರೀಕ್ಷಿಸಬಹುದು. ಒಳ್ಳೆಯ ವಕೀಲರು ಮೊದಲು ಕೇಳುವ ಕಾಗದಗಳು ಇವೇ.

ಆ ಕಾಗದಗಳು ಕೈಗೆ ಸಿಗುವ ಮೊದಲ ಜಾಗ ಡಿಎಂವಿ. ಹತ್ತು ದಿನದೊಳಗೆ ಆ ಪ್ರದೇಶದ ಡ್ರೈವರ್ ಸೇಫ್ಟಿ ಕಚೇರಿಗೆ ಫೋನ್ ಮಾಡಿ ಮೂರು ಸಂಗತಿ ಕೇಳಬೇಕು: ವಿಚಾರಣೆ ಬೇಕು, ವಿಚಾರಣೆ ಮುಗಿಯುವವರೆಗೆ ಅಮಾನತಿಗೆ ತಡೆ ಬೇಕು, ಪೊಲೀಸರು ಕಳಿಸಿದ ವರದಿ ಮತ್ತು ಯಂತ್ರದ ದಾಖಲೆಗಳ ಪ್ರತಿ ಬೇಕು. ಫೋನ್ ಮಾಡಿದ ತಾರೀಕು, ಸಮಯ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ವಿಚಾರಣೆಯಲ್ಲಿ ನೋಡುವುದು ಮೂರೇ ಅಂಶ: ಅಧಿಕಾರಿಗೆ ಅನುಮಾನಿಸಲು ಕಾರಣ ಇತ್ತೇ, ಬಂಧನ ಕಾನೂನುಬದ್ಧವೇ, 0.08 ಇತ್ತೇ. ಮನೆ ಸಾಲ, ಮಗುವಿನ ಶಾಲೆ, ದೂರದ ಆಫೀಸು ಇವನ್ನೆಲ್ಲ ಅಲ್ಲಿ ಕೇಳುವುದಿಲ್ಲ. 2022ರವರೆಗೆ ಡಿಎಂವಿಯ ಒಬ್ಬನೇ ಅಧಿಕಾರಿ ಇಲಾಖೆಯ ಪರ ವಾದಿಸಿ, ತಾನೇ ತೀರ್ಪನ್ನೂ ಕೊಡುತ್ತಿದ್ದ. ಇದು ನ್ಯಾಯಸಮ್ಮತ ಪ್ರಕ್ರಿಯೆಗೆ ವಿರುದ್ಧ ಎಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ ಆ ವರ್ಷ ಹೇಳಿತು. ಬಹಳ ತಡವಾಗಿ ಬಂದ, ಬರಲೇಬೇಕಿದ್ದ ತೀರ್ಪು ಅದು. ಕೋರ್ಟಿನಲ್ಲಿ ಕೇಸು ಕೈಬಿಟ್ಟರೂ, ಆರೋಪ ಇಳಿಸಿದರೂ ಡಿಎಂವಿಯ ಅಮಾನತು ಹಾಗೇ ನಿಲ್ಲುತ್ತದೆ. ಪೂರ್ಣ ವಿಚಾರಣೆ ನಡೆದು ಖುಲಾಸೆಯಾದರೆ ಮಾತ್ರ ಅದು ರದ್ದು.

ಇನ್ನು ಕೋರ್ಟು. ಯಾರಿಗೂ ಗಾಯವಾಗದ ಮೊದಲ ಅಪರಾಧಕ್ಕೆ ಪ್ರೊಬೇಷನ್ ಸಿಗದಿದ್ದರೆ 96 ಗಂಟೆಯಿಂದ ಆರು ತಿಂಗಳವರೆಗೆ ಕೌಂಟಿ ಜೈಲು. ಹೆಚ್ಚಿನವರಿಗೆ ಪ್ರೊಬೇಷನ್ ಸಿಗುತ್ತದೆ. ಅದು ಕನಿಷ್ಠ ಮೂರು, ಗರಿಷ್ಠ ಐದು ವರ್ಷ. 390ರಿಂದ 1,000 ಡಾಲರ್ ದಂಡ ಎಂದು ಓದಿ ನಿಟ್ಟುಸಿರು ಬಿಡಬೇಡಿ. ಪ್ರತಿ 10 ಡಾಲರ್ ದಂಡಕ್ಕೆ ರಾಜ್ಯದ 10, ಕೌಂಟಿಯ 7, ಡಿಎನ್‌ಎ ನಿಧಿ, ಕೋರ್ಟು ಕಟ್ಟಡ ನಿಧಿ, ಅದರ ಮೇಲೆ ಶೇ 20 ಸರ್‌ಚಾರ್ಜ್ ಹೀಗೆ ಒಂದರ ಮೇಲೊಂದು ಕೂತು 390 ಎಂಬುದು 2,000 ಡಾಲರ್ ಆಸುಪಾಸಿಗೆ ಹೋಗುತ್ತದೆ. ಆರು ತಿಂಗಳು ಲೈಸೆನ್ಸ್ ಅಮಾನತು. ಡಿಎಂವಿಯ ನಾಲ್ಕು ತಿಂಗಳೊಂದಿಗೆ ಇದು ಒಟ್ಟಿಗೇ ಓಡುತ್ತದೆ, ಎರಡೂ ಕೂಡಿ ಹತ್ತಾಗುವುದಿಲ್ಲ. ಜೊತೆಗೆ ಮೂರು ತಿಂಗಳ, 30 ಗಂಟೆಯ ತರಗತಿ. ಶೇ 0.20 ಮುಟ್ಟಿದ್ದರೆ ಅಥವಾ ಪರೀಕ್ಷೆ ನಿರಾಕರಿಸಿದ್ದರೆ ಒಂಬತ್ತು ತಿಂಗಳ, 60 ಗಂಟೆಯ ತರಗತಿ. ಕಾರಿನಲ್ಲಿ 14 ವರ್ಷದೊಳಗಿನ ಮಗು ಇದ್ದರೆ ಮೊದಲ ಸಲವೇ ಹೆಚ್ಚುವರಿ 48 ಗಂಟೆ ಜೈಲು. ಫ್ರೀವೇಯಲ್ಲಿ ಮಿತಿಗಿಂತ 30 ಮೈಲಿ, ಬೇರೆ ರಸ್ತೆಯಲ್ಲಿ 20 ಮೈಲಿ ಹೆಚ್ಚು ವೇಗದಲ್ಲಿ ನಿರ್ಲಕ್ಷ್ಯದಿಂದ ಓಡಿಸುತ್ತಿದ್ದರೆ ಇನ್ನೂ 60 ದಿನ.

ಸಾಕ್ಷ್ಯ ದುರ್ಬಲವಾಗಿದ್ದಾಗ ಸರ್ಕಾರಿ ವಕೀಲರು ‘ವೆಟ್ ರೆಕ್ಲೆಸ್’ ಎಂಬ ಇಳಿಸಿದ ಆರೋಪಕ್ಕೆ ಒಪ್ಪಬಹುದು. ಮದ್ಯ ಸೇರಿದ ನಿರ್ಲಕ್ಷ್ಯ ಚಾಲನೆ ಎಂದು ಅರ್ಥ. ದಂಡ ಕಡಿಮೆ, ಪ್ರೊಬೇಷನ್ ಚಿಕ್ಕದು. ಆದರೆ ಹತ್ತು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಇದನ್ನೂ ಹಿಂದಿನ ಡಿಯುಐ ಎಂದೇ ಎಣಿಸುತ್ತಾರೆ. ಇನ್ಶೂರೆನ್ಸ್ ಕಡೆಯ ಪೆಟ್ಟೂ ದೊಡ್ಡದು. ಲೈಸೆನ್ಸ್ ಮರಳಿ ಬೇಕಾದರೆ ಎಸ್‌ಆರ್-22 ಎಂಬ ಪ್ರಮಾಣಪತ್ರವನ್ನು ಇನ್ಶೂರೆನ್ಸ್ ಕಂಪನಿ ಡಿಎಂವಿಗೆ ಕಳಿಸಬೇಕು, ಅದು ಮೂರು ವರ್ಷ ತಪ್ಪದೆ ಇರಬೇಕು. ಒಳ್ಳೆಯ ಚಾಲಕರಿಗೆ ಸಿಗುವ ರಿಯಾಯಿತಿ ಹತ್ತು ವರ್ಷ ಇಲ್ಲ.

ಅಮಾನತು ಇದ್ದಾಗ ಆಫೀಸಿಗೆ ಹೋಗುವುದು ಹೇಗೆ? 2019ರ ಜನವರಿ 1ರಿಂದ ರಾಜ್ಯದಾದ್ಯಂತ ಇರುವ ದಾರಿ ಇಗ್ನಿಷನ್ ಇಂಟರ್‌ಲಾಕ್. 2026ರ ಮೊದಲ ದಿನಕ್ಕೆ ಮುಗಿಯಬೇಕಿದ್ದ ಈ ವ್ಯವಸ್ಥೆಯನ್ನು ಶಾಸನಸಭೆ 2033ರವರೆಗೆ ಮುಂದುವರಿಸಿದೆ. ಡ್ಯಾಶ್‌ಬೋರ್ಡಿನ ಕೆಳಗಿಂದ ಸುರುಳಿ ವೈರಿನಲ್ಲಿ ನೇತಾಡುವ, ಮೊಬೈಲಿನಷ್ಟು ದಪ್ಪದ ಪೆಟ್ಟಿಗೆ ಅದು. ತುದಿಯಲ್ಲಿ ಬದಲಾಯಿಸಬಹುದಾದ ಪ್ಲಾಸ್ಟಿಕ್ ನಳಿಕೆ. ಊದಿದರೆ ಮಾತ್ರ ಎಂಜಿನ್ ಹೊತ್ತಿಕೊಳ್ಳುತ್ತದೆ. ಹೈವೇ 101ರಲ್ಲಿ ಹೋಗುತ್ತಿದ್ದಂತೆ ನಡುನಡುವೆ ಬೀಪ್ ಎಂದು ಮತ್ತೆ ಊದು ಎನ್ನುತ್ತದೆ. ಅದೇ ಕಾರನ್ನು ಹೆಂಡತಿ ಓಡಿಸಿದರೂ ಅವಳೂ ಊದಬೇಕು, ಮಗುವನ್ನು ಶಾಲೆಗೆ ಬಿಡುವಾಗಲೂ. ಮದ್ಯಸಾರ ಇರುವ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿ ಕೂಡಲೇ ಊದಿದರೂ ಫೇಲ್ ಆಗಿ ದಾಖಲೆಯಲ್ಲಿ ಉಳಿಯುತ್ತದೆ. ಮೊದಲು ನೀರು ಕುಡಿದು ಕಾಲು ಗಂಟೆ ಬಿಟ್ಟು ಊದಬೇಕು. 60 ದಿನಕ್ಕೊಮ್ಮೆಯಾದರೂ ಸರ್ವಿಸ್ ಮಾಡಿಸಲೇಬೇಕು. ಖರ್ಚು ಚಾಲಕನದೇ, ಆದರೆ ಆದಾಯ ಬಡತನದ ರೇಖೆಯೊಳಗಿದ್ದರೆ ಅವನು ಕೊಡಬೇಕಾದದ್ದು ಶೇ 10 ಮಾತ್ರ. ಗಾಯವಿಲ್ಲದ ಮೊದಲ ಅಪರಾಧಕ್ಕೆ ಇದು ಎಲ್ಲರಿಗೂ ಕಡ್ಡಾಯವಲ್ಲ. ಆರು ತಿಂಗಳು ಇದನ್ನು ಹಾಕಿಸಿಕೊಂಡು ಎಲ್ಲಿ ಬೇಕಾದರೂ ಓಡಿಸಬಹುದು, ಇಲ್ಲವೇ ಯಂತ್ರವಿಲ್ಲದೆ ಒಂದು ವರ್ಷ ಬರೀ ಕೆಲಸಕ್ಕೂ ತರಗತಿಗೂ ಓಡಿಸುವ ಸೀಮಿತ ಲೈಸೆನ್ಸ್ ಪಡೆಯಬಹುದು. ಎರಡನೇ ಸಲಕ್ಕೆ ಕಡ್ಡಾಯ ಒಂದು ವರ್ಷ, ಮೂರನೇ ಸಲಕ್ಕೆ ಎರಡು. ಇದ್ಯಾವುದೂ ಬೇಡ ಎಂದು ಅಮಾನತಿನಲ್ಲೇ ಓಡಿಸಿ ಸಿಕ್ಕಿದರೆ ಅದು ಹೊಸ ಅಪರಾಧ, ಕೋರ್ಟಿನ ಶಿಕ್ಷೆಯಿಂದಾದ ಅಮಾನತಾದರೆ ಅದಕ್ಕೆ ಕನಿಷ್ಠ ಹತ್ತು ದಿನ ಜೈಲು. ಪಕ್ಕದ ಇಂಡಿಯನ್ ಅಂಗಡಿಗೆ ಹಾಲು ತರಲು ಹೋದದ್ದಾದರೂ ಸರಿ.

ಹತ್ತು ವರ್ಷದೊಳಗಿನ ನಾಲ್ಕನೇ ಕೇಸು ಫೆಲೊನಿ, ಅಂದರೆ ಗಂಭೀರ ವರ್ಗದ ಅಪರಾಧ, ಆಗಬಹುದು, ರಾಜ್ಯದ ಸೆರೆಮನೆಗೆ ಹೋಗಬೇಕಾದೀತು. ಆದರೆ ಸಾವು ಸಂಭವಿಸಿದರೆ ಈ ಮೆಟ್ಟಿಲುಗಳನ್ನು ಕಾಯಬೇಕಿಲ್ಲ. ಮೊದಲ ಶಿಕ್ಷೆಯ ದಿನವೇ ಒಂದು ಎಚ್ಚರಿಕೆಯನ್ನು ಕೇಳಿಸಿಕೊಂಡಿರಬೇಕಾಗುತ್ತದೆ: ಕುಡಿದು ಓಡಿಸುವುದು ಮನುಷ್ಯರ ಪ್ರಾಣಕ್ಕೆ ಅತ್ಯಂತ ಅಪಾಯಕಾರಿ, ಇನ್ನು ಮುಂದೆ ಹಾಗೆ ಓಡಿಸಿ ಯಾರಾದರೂ ಸತ್ತರೆ ನಿನ್ನ ಮೇಲೆ ಕೊಲೆ ಆರೋಪ ಹೊರಿಸಬಹುದು. ಇದನ್ನು ತಪ್ಪೊಪ್ಪಿಗೆಯ ಫಾರಂನಲ್ಲೇ ಮುದ್ರಿಸಿರುತ್ತಾರೆ, ಆರೋಪಿ ಅದರ ಪಕ್ಕ ಸಹಿ ಹಾಕುತ್ತಾನೆ. 1981ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ವಾಟ್ಸನ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದರ ಬೇರು. ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಓಡಿಸಿದರೆ ಅದು ಎರಡನೇ ದರ್ಜೆಯ ಕೊಲೆಯಾಗಬಹುದು ಎಂದಿತು ಕೋರ್ಟು. ಅದಕ್ಕೆ ಶಿಕ್ಷೆ 15 ವರ್ಷದಿಂದ ಜೀವಾವಧಿ. ಅಪಾಯ ಗೊತ್ತಿತ್ತು ಎಂದು ಸಾಬೀತು ಮಾಡಲು ಆ ಸಹಿಗಿಂತ ಬಲವಾದ ಸಾಕ್ಷ್ಯ ಇನ್ನೊಂದಿಲ್ಲ. ಮೊದಲ ಡಿಯುಐಯ ಎಲ್ಲ ಶಿಕ್ಷೆಗಳಿಗಿಂತ ಗಂಭೀರವಾದದ್ದು ಯಾವುದೆಂದು ಕೇಳಿದರೆ ಜೈಲು, ದಂಡ, ತರಗತಿ ಯಾವುದೂ ಅಲ್ಲ, ಈ ಸಹಿ ಎನ್ನಬೇಕು. ಓದದೆ ಹಾಕುವವರೇ ಬಹಳ.

ಕೆಲವು ಸಣ್ಣ ಸಂಗತಿಗಳನ್ನೂ ಇಲ್ಲೇ ಹೇಳಿಬಿಡುತ್ತೇವೆ. ಗಾಂಜಾ ಅಲ್ಲಿ ಕಾನೂನುಬದ್ಧ, ಆದರೆ ಅದರ ಅಮಲಿನಲ್ಲಿ ಓಡಿಸುವುದು ಡಿಯುಐಯೇ, ಅದಕ್ಕೆ 0.08ರಂಥ ಸಂಖ್ಯೆ ಇಲ್ಲ. ಡಾಕ್ಟರು ಬರೆದುಕೊಟ್ಟ ನಿದ್ದೆ ಮಾತ್ರೆಯೂ ನೆಪವಾಗುವುದಿಲ್ಲ. ಸೈಕಲ್ ಮೇಲಾದರೆ 250 ಡಾಲರ್ ಮೀರದ ದಂಡ, ಜೈಲಿಲ್ಲ. ನಿಲ್ಲಿಸಿದ ಕಾರಿನಲ್ಲಿ ಮಲಗಿದರೆ? 1991ರ ಮರ್ಸರ್ ತೀರ್ಪಿನ ಪ್ರಕಾರ ಗಾಡಿ ಸ್ವಲ್ಪವಾದರೂ ಚಲಿಸಿದ್ದರೆ ಮಾತ್ರ ‘ಓಡಿಸಿದಂತೆ’. ಹಾಗೆಂದು ಎಂಜಿನ್ ಹಾಕಿ, ಎಸಿ ಹಾಕಿ, ರಸ್ತೆ ಬದಿಯಲ್ಲಿ ಸ್ಟಿಯರಿಂಗ್ ಹಿಂದೆ ಮಲಗಬೇಡಿ: ಅಲ್ಲಿಗೆ ಓಡಿಸಿಕೊಂಡೇ ಬಂದಿರಿ ಎಂದು ಬಿಸಿ ಬಾನೆಟ್ಟೇ ಸಾಕ್ಷಿ ಹೇಳುತ್ತದೆ. ಕುಡಿದ ಮನೆಯ ಸೋಫಾದಲ್ಲೇ ಮಲಗಿ.

ಕೊನೆಗೆ ಎಚ್-1ಬಿ, ಎಲ್-1, ಎಫ್-1 ವೀಸಾದವರ ಮಾತು. ಇವರಿಗೆ ಶಿಕ್ಷೆ ಆಗುವುದು ಬೇಡ, ಬಂಧನವೇ ಸಾಕು. ಕಳೆದ ಐದು ವರ್ಷದೊಳಗೆ ಡಿಯುಐ ಬಂಧನವಾಗಿದ್ದರೆ ವಿದೇಶಾಂಗ ಇಲಾಖೆ ವೀಸಾವನ್ನು ಮುಂಜಾಗ್ರತೆಯಾಗಿ ರದ್ದು ಮಾಡಬಹುದು. 2015ರಿಂದ ನಡೆದುಬಂದಿರುವ ನೀತಿ ಇದು. ವೀಸಾ ರದ್ದಾಯಿತೆಂಬ ಇಮೇಲ್ ಬಂದ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು, ದುಡಿಯುವ ಹಕ್ಕು ಆ ಕ್ಷಣವೇ ಹೋಗುವುದಿಲ್ಲ, ಏಕೆಂದರೆ ವೀಸಾ ಬೇರೆ, ವಾಸ್ತವ್ಯದ ಸ್ಥಿತಿ ಬೇರೆ. ಆದರೆ ಅಕ್ಕನ ಮದುವೆಗೆಂದು ಬೆಂಗಳೂರಿಗೆ ಇಳಿದರೆ ಚೆನ್ನೈ ಅಥವಾ ಹೈದರಾಬಾದ್ ಕಾನ್ಸುಲೇಟಿನಲ್ಲಿ ಹೊಸ ವೀಸಾ ಪಡೆಯದೆ ವಾಪಸಿಲ್ಲ. ಅಲ್ಲಿ ಇಂಥವರನ್ನು ಮೊದಲು ಇಲಾಖೆ ಗೊತ್ತುಮಾಡಿದ ವೈದ್ಯರ ಬಳಿ ಮದ್ಯದ ಚಟದ ತಪಾಸಣೆಗೆ ಕಳಿಸುತ್ತಾರೆ. ಎರಡು ವಾರದ ರಜೆ ತಿಂಗಳುಗಟ್ಟಲೆ ಎಳೆಯಬಹುದು. ಸರಳ ಡಿಯುಐ ಒಂದರಿಂದಲೇ ಈಗ ಗಡೀಪಾರು ಇಲ್ಲ. ಆದರೆ 2025ರ ಜೂನ್‌ನಲ್ಲಿ ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆ ಅದನ್ನೂ ಗಡೀಪಾರಿಗೆ ಕಾರಣವಾಗಿಸುವ ಮಸೂದೆಯೊಂದನ್ನು ಅಂಗೀಕರಿಸಿತು, ಸೆನೆಟ್ ಒಪ್ಪಿದರಷ್ಟೇ ಅಂಥದ್ದು ಕಾನೂನಾಗುತ್ತದೆ. ಪೌರತ್ವ ಕೇಳುವವರಿಗೆ 2019ರ ಅಟಾರ್ನಿ ಜನರಲ್ ತೀರ್ಮಾನವೊಂದಿದೆ: ಸಂಬಂಧಪಟ್ಟ ಅವಧಿಯಲ್ಲಿ ಎರಡು ಡಿಯುಐ ಇದ್ದರೆ ಸಚ್ಚಾರಿತ್ರ್ಯ ಇಲ್ಲವೆಂದೇ ಹಿಡಿದು ಶುರುಮಾಡುತ್ತಾರೆ.

ಪ್ರೊಬೇಷನ್ ಮುಗಿದ ಮೇಲೆ ಕೋರ್ಟಿಗೆ ಅರ್ಜಿ ಹಾಕಿ ತೀರ್ಪನ್ನು ಬದಿಗಿರಿಸಿ ಕೇಸನ್ನು ವಜಾ ಮಾಡಿಸಬಹುದು. ಖಾಸಗಿ ಕೆಲಸ ಹುಡುಕುವಾಗ ಅದು ಉಪಯೋಗಕ್ಕೆ ಬರುತ್ತದೆ. ಡಿಎಂವಿಗೂ ವಲಸೆ ಇಲಾಖೆಗೂ ಅದರಿಂದ ಏನೂ ಬದಲಾಗುವುದಿಲ್ಲ. ಡಿಎಸ್-160 ವೀಸಾ ಅರ್ಜಿಯಲ್ಲಿ ಕೇಳುವುದು ಎಂದಾದರೂ ಬಂಧನ ಆಗಿತ್ತೇ ಎಂದು. ಕೇಸು ವಜಾ ಆಗಿದ್ದರೂ ಉತ್ತರ ಹೌದು. ಇಲ್ಲ ಎಂದು ಬರೆದು ಬೆರಳಚ್ಚಿನಲ್ಲಿ ಸಿಕ್ಕಿಬಿದ್ದರೆ ಡಿಯುಐಗಿಂತ ದೊಡ್ಡದಾದ, ಸುಳ್ಳು ಹೇಳಿದ ತಪ್ಪು ತಲೆಗೇರುತ್ತದೆ. ಕ್ಯಾಲಿಫೋರ್ನಿಯಾದ ಕೋರ್ಟುಗಳು ಸಾಮಾನ್ಯ ಡಿಯುಐ ಕಡತವನ್ನು ಹತ್ತು ವರ್ಷ ಇಟ್ಟು ಆಮೇಲೆ ನಾಶ ಮಾಡಬಹುದು, ಆದರೆ ಅರ್ಜಿಯ ‘ಎಂದಾದರೂ’ ಎಂಬ ಪ್ರಶ್ನೆಗೆ ಅವಧಿಯ ಮಿತಿಯಿಲ್ಲ. ಆದ್ದರಿಂದ ಕೇಸು ಮುಗಿದ ವಾರವೇ ಕೋರ್ಟಿನ ಕ್ಲರ್ಕ್ ಕೌಂಟರಿಗೆ ಹೋಗಿ, ಅಂತಿಮ ಆದೇಶದ ದೃಢೀಕೃತ ಪ್ರತಿ ಎರಡು ಮಾಡಿಸಿ, ಒಂದನ್ನು ಅಲ್ಲಿನ ಮನೆಯಲ್ಲೂ ಇನ್ನೊಂದನ್ನು ಊರಿನ ಮನೆಯಲ್ಲೂ ಇಡಿ.